ಕಣ್ಣಿಡದ ಕಣ

ಸಂಶೋಧಕಿ ಹೂಡೆಲೆಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಅಂಥವಳು ಆಂಟ್ವರ್ಪಿನಲ್ಲಿ ಇಲೆಕ್ಟ್ರಾನ್ ಮೈಕ್ರೋಸ್ಕೋಪಿನ ಮುಂದೆ ನಾಲ್ಕು ವರ್ಷ ಕಳೆದದ್ದೇ ಸೋಜಿಗ. ಅವಳು ನೋಡುತ್ತಿದ್ದದ್ದು ವಿಷಗಾಳಿ ಶುದ್ಧಮಾಡುವ ವೇಗವರ್ಧಕದ ಲೋಹದ ಕಣಗಳನ್ನು. ಧೂಳಿಗಿಂತಲೂ ಸಾವಿರ ಪಟ್ಟು ಸಣ್ಣವು, ನಕ್ಷತ್ರದ ಹಾಗೆ ಮೈತುಂಬ ಮುಳ್ಳು. ಯಂತ್ರದೊಳಗೇ ಮುನ್ನೂರು ಡಿಗ್ರಿಗೆ ಕಾಯಿಸಿ, ಕಣವನ್ನು ಆಚೆ ಈಚೆ ವಾಲಿಸಿ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅದರ ಪೂರ್ತಿ ಆಕಾರ ಕಟ್ಟಬೇಕು. ಕೆಲಸ ಮಾಡುವುದೆಲ್ಲ ಆ ಮುಳ್ಳುಗಳೇ. ಶಾಖಕ್ಕೆ ಐದೇ ನಿಮಿಷದಲ್ಲಿ ಮುಳ್ಳು ಮೊಂಡಾಗುತ್ತದೆ ಎಂದು ಅವಳು ಕಂಡುಹಿಡಿದಿದ್ದಳು. ಅದೇ ಅವಳ ಪ್ರಬಂಧ, ಅದೇ ನಾಳೆಯ ಸಮ್ಮೇಳನದ ಪೋಸ್ಟರ್. ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ ಅದರ ಮುದ್ರಣ.

ಹನ್ನೊಂದೂವರೆಗೆ ಯಂತ್ರ ನೋಡಿಕೊಳ್ಳುವ ಮುದುಕ ವಾನ್ನೆಸ್ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತ. ಒಳಗೆ ಕಾಫಿ ತರಬಾರದೆಂದು ನಿಯಮ ಮಾಡಿದವನೇ ಅವನು.

"ಕಾಯಿಸೋವಾಗ ಇಲೆಕ್ಟ್ರಾನ್ ಕಿರಣ ಮುಚ್ಚಿರ್ತೀಯ ತಾನೇ?"

"ಮುಚ್ಚಿದ್ರೆ ಏನಾಗ್ತಿದೆ ಅಂತ ಗೊತ್ತಾಗೋದು ಹೇಗೆ?"

"ಅಂದ್ರೆ ಐದು ನಿಮಿಷಾನೂ ನೋಡ್ತಾನೇ ಇದ್ಯಾ?"

"ಹ್ಞೂಂ."

"ಅಯ್ಯೋ ನಿನ್ನ! ಇಲೆಕ್ಟ್ರಾನ್ ಅಂದ್ರೆ ಬೆಳದಿಂಗಳು ಅಂದ್ಕೊಂಡ್ಯಾ? ಬಡಿದೂ ಬಡಿದೂ ಅದೇ ಮೊಂಡಾಗಿರ್ಬಹುದಲ್ಲ! ನೀನು ಕಣ್ಣಿಡದೇ ಕಾಯಿಸಿದ ಕಣ ಒಂದನ್ನಾದ್ರೂ ನೋಡಿದ್ಯಾ?"

ಹೂಡೆಲೆ ಅಂಥದ್ದು ಒಂದನ್ನೂ ನೋಡಿರಲಿಲ್ಲ. ಪುಸ್ತಕದ ಮೊದಲ ಪಾಠದಲ್ಲೇ ಇರುವ ಮಾತು ಅದು.

ಅವಳು ವೇಗವರ್ಧಕದ ಹೊಸ ತುಣುಕು ಹಾಕಿ, ಮುಳ್ಳಿನ ಕಣವೊಂದನ್ನು ಆರಿಸಿ, ಒಂದೇ ಒಂದು ಚಿತ್ರ ತೆಗೆದು ಕಿರಣ ಮುಚ್ಚಿದಳು. ಶಾಖ ಏರಿಸಿದಳು. ಪರದೆ ಕಪ್ಪಾಯಿತು.

ಆ ಐದು ನಿಮಿಷ ಇದೆಯಲ್ಲ, ನಾಲ್ಕು ವರ್ಷಕ್ಕಿಂತ ಉದ್ದ. ಎದ್ದಳು, ಕೂತಳು, ಉಗುರು ಕಚ್ಚಿದಳು. ಕೈ ತಾನಾಗಿಯೇ ಕಿರಣ ತೆರೆಯುವ ಗುಂಡಿಯತ್ತ ಹೋಯಿತು.

"ಕೈ ತೆಗಿ," ಎಂದ ವಾನ್ನೆಸ್.

"ಒಂದೇ ಒಂದ್ಸಲ, ಚೂರು ನೋಡ್ತೀನಿ."

"ಆ ಚೂರಿನಿಂದಾನೇ ಇಷ್ಟೆಲ್ಲ ಆಗಿದ್ದು. ಕೈ ತೊಡೆ ಕೆಳಗಿಟ್ಕೊಂಡು ಕೂತ್ಕೋ."

ಚಿಕ್ಕ ಮಗುವಿನ ಹಾಗೆ ಕೈಗಳ ಮೇಲೆ ಕೂತಳು. ಹೊತ್ತು ಮುಗಿಯಿತು. ಶಾಖ ಇಳಿಸಿ ಕಿರಣ ತೆರೆದಳು. ಮುಳ್ಳು ಒಂದೂ ಮೊಂಡಾಗಿರಲಿಲ್ಲ. ಕಣವನ್ನು ಆಚೆ ಈಚೆ ವಾಲಿಸಿ ಚಿತ್ರ ತೆಗೆದು ಆಕಾರ ಕಟ್ಟಿದಳು. ಎಲ್ಲ ಕಡೆಯಿಂದಲೂ ಚುಚ್ಚುವ ಹಾಗೆ ನಿಂತಿದ್ದವು. ಶಾಖ ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಅವಳ ನೋಟ.

ಗಡಿಯಾರ ನೋಡಿದಳು. ಹನ್ನೆರಡು ದಾಟಿತ್ತು. ಮುದ್ರಣದವರಿಗೆ ಫೋನ್ ಮಾಡಿದಳು.

"ನಿಲ್ಲಿಸಿ, ನನ್ನ ಪೋಸ್ಟರ್ ನಿಲ್ಲಿಸಿ!"

"ಅರ್ಧ ಹೊರಗೆ ಬಂದಾಯ್ತಲ್ಲ ಮೇಡಂ. ಬಣ್ಣ ಚೆನ್ನಾಗಿ ಕೂತಿದೆ."

"ಯಾವ ಅರ್ಧ?"

"ಮೇಲಿಂದು. ನಿಮ್ಮ ಹೆಸರು, ತಲೆಬರಹ. ಫಲಿತಾಂಶ ಇನ್ನೂ ಬಂದಿಲ್ಲ."

"ತಲೆಬರಹಾನೂ ಸುಳ್ಳು. ಹೆಸರು ಮಾತ್ರ ಕತ್ತರಿಸಿ ಇಡಿ, ಸಂಜೆ ಬರ್ತೀನಿ."

ಫೋನ್ ಇಟ್ಟು ಇನ್ನೊಂದು ತುಣುಕು ತೆಗೆದುಕೊಂಡಳು. ಮುಳ್ಳು ನಿಜಕ್ಕೂ ಎಷ್ಟು ಶಾಖ ತಡೆಯುತ್ತದೆಂದು ನೋಡಲು ಈ ಸಲ ನಾನೂರು ಡಿಗ್ರಿ. ಕಿರಣ ಮುಚ್ಚಿ, ಯಾರೂ ಹೇಳದೆಯೇ ಕೈಗಳ ಮೇಲೆ ಕೂತಳು. ಕಾಲು ಮಾತ್ರ ಕುಣಿಯುತ್ತಲೇ ಇತ್ತು.