ಪ್ರತಿ ಪುಟದಲ್ಲೂ ಸಹಿಯಕ್ಕ

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಪೊಲೀಸರು ಬಂದಲ್ಲಿಂದ ಹಿಡಿದರೆ ಪತ್ತೇದಾರಿ ಕಥೆಯಾಗುತ್ತದೆ. ಬಾಲ್ಯದಿಂದ ಹಿಡಿದರೆ ನೀವು ಆಕಳಿಸುತ್ತೀರಿ. ಕೋರ್ಟಿನ ಹೊರಗಿನ ಬೆಂಚು ವಾಸಿ. ಅದಕ್ಕೆ ಒಂದು ಕಾಲು ಕುಂಟು. (ಕಾನೂನಿಗೂ ಎಂದು ನೀವು ಸೇರಿಸಿಕೊಂಡರೆ ನಾನು ಜವಾಬ್ದಾರನಲ್ಲ.)

ಬೆಂಚಿನ ಮೇಲೆ ಕೂತವಳು ಇಂಜೆಕ್ಷನ್ ತಯಾರಿಸುವ ಕಂಪನಿಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದವಳು. ಕೈಗೆ ಬಂದ ಕಾಗದದ ಮೂಲೆಯಲ್ಲಿ ಪುಟ್ಟ ಸಹಿ, ಅದರ ಕೆಳಗೆ ತಾರೀಖು: ಅದು ಲ್ಯಾಬಿನ ನಿಯಮ. ಉಳಿದವರು ಮರೆಯುತ್ತಿದ್ದರು, ಇವಳು ಮರೆಯುತ್ತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಸಹಿಯಕ್ಕ.

2

ಅವಳು ರಜೆಯಲ್ಲಿದ್ದಾಗ ಯಾರೋ ಲ್ಯಾಬಿನ ರಿಜಿಸ್ಟರಿನಲ್ಲಿ ಅವಳ ಸಹಿ ಹಾಕಿ, ಪರೀಕ್ಷೆಯನ್ನೇ ಮಾಡದ ಔಷಧವನ್ನು ಪಾಸು ಮಾಡಿದ್ದರು. ಬಾಟಲಿಗಳು ಆಸ್ಪತ್ರೆ ಸೇರಿದ್ದವು. ಮ್ಯಾನೇಜರಿಗೆ ಹೇಳಿದಳು, ಮರುದಿನ ಅವಳ ಮೇಜು ಶೌಚಾಲಯದ ಪಕ್ಕಕ್ಕೆ ಹೋಯಿತು. ಆಗ ರಿಜಿಸ್ಟರಿನ ನಲವತ್ತೊಂದು ಪುಟ ಜೆರಾಕ್ಸ್ ಮಾಡಿ ಔಷಧ ಇಲಾಖೆಗೆ ಕಳಿಸಿದಳು. ಹೆಸರಿಲ್ಲದ ಅರ್ಜಿ.

ಹೆಸರಿರಲಿಲ್ಲ, ನಿಜ. ಆದರೆ ಲಕೋಟೆಗೆ ಹಾಕುವ ಮುಂಚೆ, ಅಭ್ಯಾಸಬಲ, ನಲವತ್ತೊಂದು ಮೂಲೆಗಳಲ್ಲೂ ಸಹಿ ಮಾಡಿ ತಾರೀಖು ಬರೆದಿದ್ದಳು.

(ಸಹಿ ಮಾಡಿದವಳೇ ಸಹಿಸಬೇಕು ಎಂದೊಂದು ಸಾಲು ಬರೆದು ಹೊಡೆದುಹಾಕಿದೆ. ಅವಳು ನೋಡಿದಳು. ನಗಲಿಲ್ಲ.)

ಇಲಾಖೆಯವರು ವಿವರಣೆ ಕೋರಿ ಆ ಪುಟಗಳನ್ನು ಕಂಪನಿಗೇ ಕಳಿಸಿದರು. ಕೆಲಸ ಹೋಯಿತು, ದಾಖಲೆ ಕಳವಿನ ಕೇಸು ಬಿತ್ತು. ಮನೆಯಲ್ಲಿ ಅತ್ತೆಯದು ಒಂದೇ ಗಾದೆ: ಊರಿಗೆ ಉಪಕಾರಿ, ಮನೆಗೆ ಮಾರಿ.

3

(ಈ ಕರಡಿನಲ್ಲಿ ಅವಳು ಗೆದ್ದಿದ್ದಳು. ನನಗೇ ನಂಬಿಕೆ ಬರಲಿಲ್ಲ, ಹರಿದೆ.)

4

ಈ ಹೊಸ ಕರಡಿನಲ್ಲಿ ಅವಳ ವಕೀಲರಿಗೆ ಮಾತು ಕೊಟ್ಟಿದ್ದೇನೆ. ಮಾತಿಗೆ ಮುಂಚೆ ಒಂದು ಕೆಮ್ಮು, ಅರ್ಧ ಗಂಟಲು, ಅರ್ಧ ಗಾಂಭೀರ್ಯ. (ಆ ಕೆಮ್ಮು ಬರೆಯಲು ನಾನೇ ಕನ್ನಡಿ ಮುಂದೆ ಮೂರು ದಿನ ಕೆಮ್ಮಿ ಕಲಿತೆ.)

"ನೋಡಮ್ಮ, ಮೂಲೇಲಿರೋ ಸಹಿ ನಂದಲ್ಲ ಅಂದುಬಿಡು. ಅದೊಂದು ಬಿಟ್ರೆ ಅವರ ಹತ್ರ ಏನೂ ಇಲ್ಲ."

"ನಿಜವಾದ ಸಹೀನೇ ನಂದಲ್ಲ ಅಂದ್ರೆ, ರಿಜಿಸ್ಟರಲ್ಲಿರೋದು ಖೋಟಾ ಅಂತ ನಾಳೆ ನಾನು ಹೇಳಿದ್ದನ್ನ ಯಾರು ನಂಬ್ತಾರೆ ಸರ್?"

ವಕೀಲರು ಕೆಮ್ಮಲಿಲ್ಲ. ಒಪ್ಪಿಕೊಂಡರೆ ಜನರ ಹಿತಕ್ಕಾಗಿ ಮಾಡಿದೆ ಎಂದು ವಾದಿಸಬಹುದು, ಆದರೆ ದೂರುದಾರರನ್ನು ಕಾಯುವ ಕಾನೂನು ಹೆಸರು ಕೊಟ್ಟವರಿಗೆ ಮಾತ್ರ, ಮೂರು ವರ್ಷ ಜೈಲಾದರೂ ಆಗಬಹುದು ಎಂದರು.

ನಾನು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: ಅಕ್ಕ, ಒಂದು ಸುಳ್ಳು ತಾನೆ, ಕಥೆ ಅಂದಮೇಲೆ ನಡೆಯುತ್ತೆ.

"ನಿಮಗೆ ಕಥೆ. ಆ ಬಾಟಲಿಗಳು ಇನ್ನೂ ವಾರ್ಡಲ್ಲಿವೆ."

5

ಮುಕ್ತಾಯಗಳು, ನಿಮ್ಮ ಆಯ್ಕೆಗೆ.

ಅ) ನಂದಲ್ಲ ಎನ್ನುತ್ತಾಳೆ. ಸಂಜೆ ಮನೆ ಸೇರುತ್ತಾಳೆ. ಬಾಟಲಿಗಳನ್ನು ಯಾರೂ ವಾಪಸು ತರಿಸುವುದಿಲ್ಲ.

ಆ) ನಂದೇ ಎನ್ನುತ್ತಾಳೆ. ಬಾಟಲಿಗಳನ್ನು ಪರೀಕ್ಷೆಗೆ ಕಳಿಸಬಹುದು. ಕಳಿಸದೆಯೂ ಇರಬಹುದು. ಇವಳನ್ನಂತೂ ಕಳಿಸುತ್ತಾರೆ.

ಇ) ಮ್ಯಾನೇಜರ್ ಪಶ್ಚಾತ್ತಾಪಪಟ್ಟು ತಾನೇ ಬಂದು ಒಪ್ಪಿಕೊಳ್ಳುತ್ತಾನೆ. (ನಗಬೇಡಿ, ಕೋರ್ಟು ನಡೆಯುತ್ತಿದೆ.)

ಒಳಗೆ ನ್ಯಾಯಾಧೀಶರು ಮೊದಲ ಪುಟವನ್ನು ಅವಳತ್ತ ತಿರುಗಿಸಿ ಮೂಲೆಗೆ ಬೆರಳಿಟ್ಟರು. "ಇದು ನಿಮ್ಮ ಸಹಿಯೇನಮ್ಮ?"

ಅವಳು ಬಾಯಿ ತೆರೆದಳು. ನಾನು ಪೆನ್ನನ್ನು ಕಾಗದದಿಂದ ಎತ್ತಿಬಿಟ್ಟೆ. ಹೇಡಿ ಅನ್ನಿ, ಪರವಾಗಿಲ್ಲ. ಅವಳ ಹೆಸರಿನಲ್ಲಿ ಅವಳದಲ್ಲದ್ದನ್ನು ಬರೆದವರು ಈಗಾಗಲೇ ಒಬ್ಬರಿದ್ದಾರೆ, ಇನ್ನೊಬ್ಬ ನಾನಾಗಲಾರೆ.

ಇದೇ ಹೊತ್ತಿಗೆ ಯಾವುದೋ ವಾರ್ಡಿನಲ್ಲಿ ನರ್ಸೊಬ್ಬರು ಆ ಬಾಟಲಿಗಳಲ್ಲೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಔಷಧ ತಿಳಿಯಾಗಿಯೇ ಇದೆ. ಮುಚ್ಚಳಕ್ಕೆ ಸೂಜಿ ಚುಚ್ಚುತ್ತಾರೆ,