ಮಸುಕು ಮೀನುಗಳು

ಎಂಟು ದಿನದ ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ರುತ್ಮಿಲಾ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಕೆಲಸಕ್ಕೆ ಹಾಕಿಕೊಂಡು ಹೋಗುವ ಅಂಗಿಗೆ ಇಸ್ತ್ರಿ ಮಾಡಲು ನಿಂತಳು. ಅಂದು ಭಾನುವಾರ ಎಂಬುದು ಕಾಲರು ಮುಗಿಯುವ ಹೊತ್ತಿಗೆ ನೆನಪಾಯಿತು. ಶುರು ಮಾಡಿದ್ದನ್ನು ಬಿಡುವುದೇಕೆಂದು ತೋಳುಗಳಿಗೂ ಮಾಡಿದಳು.

ಅವಳ ಗಂಡ ರುಡ್ಸೆಲ್ ಸತ್ತದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ. ಕುರಸಾವ್ ದ್ವೀಪದ ಸುತ್ತ ಅವನು ಮುಳುಗಿ ನೋಡದ ಕೊಲ್ಲಿಯಿರಲಿಲ್ಲ. ಅಂಥವನ ಹೃದಯ ಒಣ ನೆಲದ ಮೇಲೆ, ಅರ್ಧ ಕೂದಲು ಕತ್ತರಿಸಿದ್ದಾಗ ನಿಂತಿತು. ಉಳಿದರ್ಧವನ್ನು ಕ್ಷೌರಿಕ ಶವಾಗಾರಕ್ಕೇ ಬಂದು ಮುಗಿಸಿಕೊಟ್ಟ. ಅದನ್ನು ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ರುತ್ಮಿಲಾಳಿಗೆ ಮಾತ್ರ ಎಡಗಡೆ ಬಲಗಡೆಗಿಂತ ಕೊಂಚ ಗಿಡ್ಡವಾಯಿತಲ್ಲ ಎನ್ನಿಸಿತು. ಸಮಾಧಿಯ ಹತ್ತಿರ ಅವಳ ಪಾಲಿನ ಅಳುವನ್ನೂ ಗೆಳತಿ ಓಮೈರಾಳೇ ಅತ್ತಳು. ಎಷ್ಟು ಚೆನ್ನಾಗಿ ಅತ್ತಳೆಂದರೆ, ದೂರದ ಊರಿಂದ ಬಂದವರು ಅವಳ ಕೈ ಹಿಡಿದು ಸಮಾಧಾನ ಹೇಳಿ ಹೋದರು.

"ಭಾನುವಾರ ಇಸ್ತ್ರಿ ಮಾಡ್ತಾಳೆ, ನೋಡಮ್ಮ," ಎನ್ನುತ್ತಾ ರುಡ್ಸೆಲ್‌ನ ಸೋದರತ್ತೆ ಸೆಲಿನಾ ಒಳಗೆ ಬಂದರು.

ಹಿಂದಿನ ಸಂಜೆ ಕೊನೆಯ ಪ್ರಾರ್ಥನೆಯಾದ ಮೇಲೆ ಬಿಳಿ ಬಟ್ಟೆ ಹಾಸಿದ ಪುಟ್ಟ ಪೀಠವನ್ನು ಬಿಚ್ಚಿ, ಮೇಣದಬತ್ತಿ ಆರಿಸಿ, ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಹೋಗಬೇಕಾದವನು ಹೋಗಲು ದಾರಿ ಬೇಕಲ್ಲ. ತೆರೆಯುವ ಕೆಲಸ ಹೆಂಡತಿಯದೆಂದು ಅತ್ತೆಯೇ ಅವಳಿಗೆ ವಹಿಸಿದ್ದರು. ಈಗ ತಮ್ಮ ಸೂಪಿನ ಪಾತ್ರೆ ಹುಡುಕುತ್ತಾ ಹಿಂದಿನ ಸಾಮಾನಿನ ಕೋಣೆಗೆ ಹೋದವರು ಅಲ್ಲಿಂದಲೇ ಕೂಗಿದರು.

"ಈ ಕಿಟಕಿ ಯಾಕೇ ಮುಚ್ಚಿದೆ?"

"ಚಿಲಕಕ್ಕೆ ತುಕ್ಕು ಹಿಡಿದಿದೆ ಅತ್ತೆ. ಮರೆತೆ."

"ಮರೆತಳಂತೆ! ಅವನ ಉಸಿರಾಡೋ ಟ್ಯೂಬು, ಈಜೋ ರೆಕ್ಕೆಕಾಲು, ಎಲ್ಲಾ ಇಲ್ಲೇ ನೇತಾಡ್ತಿದೆ. ಅವನು ಇನ್ನೆಲ್ಲಿರ್ತಾನೆ, ನಿನ್ನ ಹಾಲ್‌ನಲ್ಲಿ ಸೋಫಾ ಮೇಲೆ ಕೂತಿರ್ತಾನಾ? ಹಾಲೆಂಡಿನಲ್ಲಿ ಓದಿ ಬಂದವಳಿಗೆ ಒಂದು ಕಿಟಕಿ ತೆಗೆಯೋಕೆ ಬರಲಿಲ್ಲ!"

ಸುತ್ತಿಗೆಯಿಂದ ಚಿಲಕಕ್ಕೆ ನಾಲ್ಕು ಬಿಟ್ಟು ಕಿಟಕಿ ತೆರೆದ ಅತ್ತೆ, ಗೋಡೆಯ ಮೊಳೆಯಲ್ಲಿದ್ದ ಡೈವಿಂಗ್ ಮಾಸ್ಕನ್ನು ಬೆಳಕಿಗೆ ಹಿಡಿದರು. ಕಣ್ಣು ಮೂಗು ಮುಚ್ಚುವ ಕಪ್ಪು ರಬ್ಬರಿನ ಮಾಸ್ಕು. ಅದರ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರಿತ್ತು.

"ಸೆಡ್ನಿ ಅಂತ ಬರೆದಿದೆ. ಯಾರದು?"

"ಬೊನೇರ್‌ನಲ್ಲಿದಾನೆ, ಇವನ ಸ್ನೇಹಿತ. ಹಿಂದೆ ಯಾವಾಗಲೋ ಹೋದಾಗ ಇಸ್ಕೊಂಡು ಬಂದಿದ್ದ."

"ಸರಿ ಹೋಯ್ತು. ಇನ್ನೊಬ್ಬರ ಸಾಮಾನು ಇಟ್ಕೊಂಡು ಹುಡುಗ ಎಲ್ಲಿಗೆ ಹೋಗ್ತಾನೆ? ಕಿಟಕಿ ತೆಗೆದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಇದನ್ನ ಕೊಟ್ಟು ಬಾ. ಅಲ್ಲೀತನಕ ಅವನು ಇಲ್ಲೇ."

ಹೆದರಿಸಲೆಂದು ಅತ್ತೆ ಹೇಳಿದ ಮಾತು. ಆದರೆ ಆ ಎಂಟು ದಿನಗಳಲ್ಲಿ ಪಾದ್ರಿಯಿಂದ ಹಿಡಿದು ಯಾರು ಹೇಳಿದ ಸಮಾಧಾನವೂ ರುತ್ಮಿಲಾಳಿಗೆ ಇಷ್ಟು ತಾಗಿರಲಿಲ್ಲ.

ನಂಬಿದಳೆಂದಲ್ಲ. ಅವಳು ನೀರಿನ ರಸಾಯನಶಾಸ್ತ್ರ ಓದಿದವಳು. ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ಊರಿಗೆ ಕುಡಿಯಲು ಕೊಡುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ದಿನವಿಡೀ ಸಮುದ್ರವನ್ನು ಗಾಜಿನ ಕೊಳವೆಯಲ್ಲಿ ಅಲ್ಲಾಡಿಸುವವಳು. ಮುಖ ಮುಳುಗಿಸಲು ಹೆದರುತ್ತಿದ್ದಳು ಎಂಬುದು ಬೇರೆ ಮಾತು. ಅಂಥ ವಿಜ್ಞಾನಿ ಸೋಮವಾರದಿಂದ ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಸಾಮಾನಿನ ಕೋಣೆಗೆ ತಲೆಹಾಕಿ "ಬರ್ತೀನಿ" ಎನ್ನತೊಡಗಿದಳು. ಮಾಸ್ಕಿನ ಪಟ್ಟಿಯ ಬಕಲಿನಲ್ಲಿ ಒಂದು ಗುಂಗುರು ಕೂದಲು ಸಿಕ್ಕಿಕೊಂಡಿತ್ತು. ಪಟ್ಟಿ ಅವನ ತಲೆಯ ಅಳತೆಗೇ ನಿಂತಿತ್ತು.

ಅಷ್ಟರಲ್ಲಿ ಬೊನೇರ್‌ಗೆ ಹೋಗುವ ದಿನ ಬಂತು. ಓಮೈರಾ, ಅವಳ ಗಂಡ ಗಿಲ್ಮಾರ್, ರುಡ್ಸೆಲ್, ರುತ್ಮಿಲಾ, ನಾಲ್ವರೂ ವರ್ಷಕ್ಕೊಮ್ಮೆ ಪಕ್ಕದ ಆ ದ್ವೀಪಕ್ಕೆ ಹೋಗಿ ರಜೆ ಕಳೆಯುವವರು. ಮೂವರು ಮುಳುಗುತ್ತಿದ್ದರು, ರುತ್ಮಿಲಾ ದಡದಲ್ಲಿ ಕೂರುತ್ತಿದ್ದಳು.

"ನಾನು ಬರಲ್ಲ," ಎಂದಳು ಫೋನಿನಲ್ಲಿ.

"ನೀನು ಬರದಿದ್ರೆ ಐಸ್ ಡಬ್ಬಿ ಕಾಯೋರು ಯಾರು?" ಎಂದ ಗಿಲ್ಮಾರ್.

ಹಿಂದಿನಿಂದ ಓಮೈರಾ ಅವನಿಗೆ ಬಾರಿಸಿದ ಸದ್ದು ಕೇಳಿಸಿತು. "ದುಶಿ, ನನ್ನ ಚಿನ್ನ, ಅವನ ಮಾತು ಕೇಳ್ಬೇಡ," ಎಂದು ಅವಳೇ ಫೋನು ಕಸಿದುಕೊಂಡಳು. "ಬಾ. ಸುಮ್ನೆ ಕೂತಿರು. ಇಲ್ಲಿ ಕೂರೋದನ್ನ ಅಲ್ಲಿ ಕೂರು."

ಮಾಸ್ಕ್ ಹಿಂದಿರುಗಿಸಿ ಬರುತ್ತೇನೆಂದು ಅತ್ತೆಗೆ ಹೇಳಿ, ಅದನ್ನು ಟವೆಲಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ಹೊರಟಳು. ಹಿಂದಿರುಗಿಸುವ ಮನಸ್ಸು ಇರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಸೆಡ್ನಿ ಕಾಯುತ್ತಿದ್ದ. ದಪ್ಪ ಆಳು, ದೊಡ್ಡ ತಲೆ, ಹಗಲು ಸಂಜೆ ಮುಖದಿಂದಿಳಿಯದ ಕಪ್ಪು ಕನ್ನಡಕ. ಪ್ರವಾಸಿಗರನ್ನು ಹವಳದ ದಿಬ್ಬಗಳಿಗೆ ಕರೆದೊಯ್ದು ತೋರಿಸುವುದು ಅವನ ಕಸುಬು. ಅಂತ್ಯಕ್ರಿಯೆಗೂ ಬಂದಿದ್ದ. ಅವಳನ್ನು ತಬ್ಬಿಕೊಂಡ. ತಬ್ಬಿಕೊಂಡವನ ಕೈಗೆ ಮಾಸ್ಕ್ ತುರುಕುವುದು ಸಭ್ಯತೆಯಲ್ಲವೆಂದು ರುತ್ಮಿಲಾ ಅಂದು ಸುಮ್ಮನಾದಳು. ಮರುದಿನ ಅವನ ಕೈಯಲ್ಲಿ ಗಾಳಿ ಸಿಲಿಂಡರುಗಳಿದ್ದವು. ಅದರ ಮರುದಿನ ಅವನು ಮೀನು ಹುರಿಯುತ್ತಿದ್ದ. ಆಮೇಲೊಂದು ದಿನ ಅವನು ಸುಮ್ಮನೆ ಕೂತಿದ್ದ. ಸುಮ್ಮನೆ ಕೂತವನನ್ನು ಏಕೆ ಎಬ್ಬಿಸಬೇಕೆಂದು ಬಿಟ್ಟಳು. ನೆಪ ಹುಡುಕುವುದರಲ್ಲಿ ತನಗೆ ಇಷ್ಟು ಪ್ರತಿಭೆಯಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ದಿನವೂ ಅವಳು ಟ್ರಕ್ಕಿನ ನೆರಳಲ್ಲಿ ಐಸ್ ಡಬ್ಬಿಯ ಮೇಲೆ ಕೂರುತ್ತಿದ್ದಳು. ಓಮೈರಾ, ಗಿಲ್ಮಾರ್, ಸೆಡ್ನಿ ಮೂವರು, ಮುಳುಗುವ ಜಾಗ ತೋರಿಸುವ ಹಳದಿ ಗುರುತುಕಲ್ಲಿನ ಪಕ್ಕದಿಂದ, ಬೆನ್ನಿಗೆ ಸಿಲಿಂಡರು ಹೊತ್ತು, ರೆಕ್ಕೆಕಾಲಲ್ಲಿ ಬಾತುಕೋಳಿಗಳ ಹಾಗೆ ನೀರಿಗಿಳಿಯುತ್ತಿದ್ದರು. ಮೇಲೆ ಬಂದ ಕೂಡಲೇ ಜಗಳ.

"ಸ್ವಾ, ಗೆಳೆಯಾ, ನಿಂಗೆ ವಯಸ್ಸಾಯ್ತು," ಎಂದ ಗಿಲ್ಮಾರ್ ಒಂದು ದಿನ ಸೆಡ್ನಿಗೆ, ಮಾಸ್ಕ್ ಕಿತ್ತು ಹಣೆಗೇರಿಸುತ್ತ. "ಅಂಗೈ ಮೇಲೆ ಅಂಗೈ ಇಟ್ಟು, ಹೆಬ್ಬೆರಳು ಆಡಿಸಿ, ಆಮೆ ಆಮೆ ಅಂತ ನೀನು ತೋರಿಸ್ದೆ. ಉಸಿರು ಬಿಗಿಹಿಡಿದು ಹತ್ರ ಹೋದ್ರೆ ಟೈರು! ಲಾರಿ ಟೈರು!"

"ಆಮೆ ಇತ್ತು ಮಾರಾಯ, ನೀನು ಹೋಗೋಷ್ಟರಲ್ಲಿ ಹೋಯ್ತು," ಎಂದ ಸೆಡ್ನಿ.

"ಹೋಗುವಾಗ ಟೈರು ಬಿಟ್ಟು ಹೋಯ್ತಾ?"

ಓಮೈರಾ ಮರಳ ಮೇಲೆ ಬಿದ್ದು ನಕ್ಕಳು. ಸೆಡ್ನಿಯೂ ನಕ್ಕ, ಕಪ್ಪು ಕನ್ನಡಕ ಹುಡುಕಿ ಹಾಕಿಕೊಂಡು. ರುತ್ಮಿಲಾ ಚೀಸು ತುಂಬಿ ಕರಿದ ಪಸ್ಟೇಚಿಗಳನ್ನು ಕೈಗೊಂದೊಂದು ಕೊಟ್ಟಳು. ಆ ರಜೆಯಲ್ಲಿ ಅವಳಿಂದಾದ ಸೇವೆ ಅದೇ.

ವಿಮಾನ ಹತ್ತುವ ಹಿಂದಿನ ದಿನ ಯಾರೂ ಸಿಲಿಂಡರು ಕಟ್ಟಿಕೊಂಡು ಆಳಕ್ಕಿಳಿಯುವುದಿಲ್ಲ; ರಕ್ತದಲ್ಲಿ ಗಾಳಿ ಗುಳ್ಳೆಗಟ್ಟುತ್ತದೆ. ಹಾಗಾಗಿ ಕೊನೆಯ ದಿನ ಎಲ್ಲರೂ ಉಸಿರುಕೊಳವೆ ಕಚ್ಚಿಕೊಂಡು ನೀರ ಮೇಲೆ ತೇಲುವುದಷ್ಟೆ.

"ಇವತ್ತು ನಿಂಗೆ ತಪ್ಪಿಸ್ಕೊಳ್ಳೋಕೆ ಆಗಲ್ಲ," ಎಂದಳು ಓಮೈರಾ. "ಸೊಂಟದಷ್ಟು ನೀರು. ಮಕ್ಕಳು ತೇಲ್ತಿವೆ, ಅಜ್ಜಿಯಂದ್ರು ತೇಲ್ತಿದಾರೆ."

"ಅಜ್ಜಿಯಂದ್ರಿಗೆ ಕೊಬ್ಬಿದೆ, ತೇಲ್ತಾರೆ."

"ನಿಂಗೂ ಅಂಥ ಕೊರತೆ ಏನಿಲ್ಲ. ಏಳು. ಮಾಸ್ಕ್ ಇದೆಯಾ?"

ಇದೆ ಎಂದಳು ರುತ್ಮಿಲಾ. ಸೆಡ್ನಿ ಆಗಲೇ ನೀರಲ್ಲಿ ದೂರ ಹೋಗಿದ್ದ. ಅವಳು ಟವೆಲು ಬಿಚ್ಚಿ, ಎಲ್ಲರೂ ಮಾಡುವಂತೆ ಗಾಜಿನೊಳಕ್ಕೆ ಉಗುಳಿ, ಬೆರಳಿಂದ ಸವರಿ, ನೀರಲ್ಲಿ ಜಾಲಿಸಿ ಮುಖಕ್ಕೇರಿಸಿದಳು. ಪಟ್ಟಿಯನ್ನು ಬಿಗಿ ಮಾಡಲಿಲ್ಲ. ರುಡ್ಸೆಲ್‌ನ ತಲೆಯ ಅಳತೆ ಅವಳಿಗೆ ಸಡಿಲವಾಗಿತ್ತು. ಒಂದು ಕೈಯಿಂದ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು, ಮದುವೆಯಾದಂದಿನಿಂದ ಅವನು ಬೇಡಿಕೊಂಡಿದ್ದ ಕೆಲಸವನ್ನು, ಅವನು ನೋಡಲು ಇಲ್ಲದಾಗ ಮಾಡಿದಳು. ಮುಖ ಮುಳುಗಿಸಿದಳು.

ಎಲ್ಲ ಮಂಜು. ಹಳದಿಯದೊಂದು ಕಲೆ ಸರಿದು ಹೋಯಿತು. ನೀಲಿಯದೊಂದು ಅಲುಗಾಡಿತು. ಅಂಚಿಲ್ಲ, ಕಣ್ಣಿಲ್ಲ, ರೆಕ್ಕೆಯಿಲ್ಲ. ಯಾರೋ ಬಣ್ಣದ ನೀರು ಚೆಲ್ಲಿದ ಹಾಗೆ.

ಅಂತೂ ಬಂತು ಅಳು, ಎಂದುಕೊಂಡಳು ರುತ್ಮಿಲಾ. ಇಷ್ಟು ದಿನ ಊರೆಲ್ಲ ಕಾದದ್ದು ಇಲ್ಲಿ, ಯಾರಿಗೂ ಕಾಣದಲ್ಲಿ, ಬಂತು. ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ತಾನು ಕಲ್ಲಲ್ಲ. ಓಮೈರಾಳಿಗೆ ಹೇಳಬೇಕು. ಚೆನ್ನಾಗಿ ಅಳೋಣವೆಂದು ತಲೆಯೆತ್ತಿ ಮಾಸ್ಕ್ ತೆಗೆದಳು.

ದೂರದ ಕಂಬದ ಮೇಲೆ ಕೂತ ಕಂದು ಹಕ್ಕಿಯೊಂದು ಕೊಕ್ಕಿನ ಚೀಲ ಅಲ್ಲಾಡಿಸುತ್ತಿತ್ತು. ಅದರ ಒಂದೊಂದು ಗರಿಯೂ ಕಾಣುತ್ತಿತ್ತು. ಕಣ್ಣು ಮುಟ್ಟಿ ನೋಡಿಕೊಂಡಳು. ಒಣಗಿತ್ತು.

ಮತ್ತೆ ಮಾಸ್ಕ್ ಹಾಕಿದಳು, ಹಕ್ಕಿ ಕರಗಿತು. ತೆಗೆದಳು, ಗರಿಗಳು. ಹಾಕಿದಳು, ಕರಗಿತು. ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು: ಗಾಜನ್ನು ಕಣ್ಣಿಂದ ದೂರ ಹಿಡಿದು ನೋಡಿದಳು. ಅದರಲ್ಲಿ ಓಮೈರಾ ಬೆರಳಿನಷ್ಟಾಗಿ ಕಂಡಳು. ಸಮೀಪ ದೃಷ್ಟಿಯವರ ಗಾಜು. ರುಡ್ಸೆಲ್‌ನ ದಪ್ಪ ಕನ್ನಡಕ ಈಗಲೂ ಅವಳ ಕೈಚೀಲದಲ್ಲಿತ್ತು, ಕ್ಷೌರಿಕ ತೆಗೆದು ಕೊಟ್ಟದ್ದು. ಅದಿಲ್ಲದೆ ಮಂಚದಿಂದ ಬಾಗಿಲು ಕಾಣದವನು ನೀರಿನಡಿ ಹೇಗೆ ನೋಡುತ್ತಾನೆಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಅಳು ಎಂದುಕೊಂಡದ್ದು ಕನ್ನಡಕದ ನಂಬರು!

ಆಗ ಇನ್ನೊಂದು ಹೊಳೆಯಿತು. ನಂಬರು ರುಡ್ಸೆಲ್‌ನದಿರಬಹುದು, ಆದರೆ ಮಾಸ್ಕ್ ಸೆಡ್ನಿಯದು.

ಸೆಡ್ನಿ ಅವಳ ಕಡೆಗೇ ತೇಲಿ ಬರುತ್ತಿದ್ದ. ಹತ್ತಿರ ಬಂದು ಎದ್ದು ನಿಂತು, ಹಾಕಿದ್ದ ಮಾಸ್ಕನ್ನು ಕತ್ತಿಗಿಳಿಸಿದ.

"ಸೆಡ್ನಿ, ಆ ಕಂಬದ ಮೇಲೆ ಏನಿದೆ?"

"ಯಾವ ಕಂಬ?"

"ಅಯ್ಯೋ ನಿನ್ನ."

ಅವನು ಅವಳ ಕೈಯಲ್ಲಿದ್ದುದನ್ನು ಮುಖದ ಹತ್ತಿರ ಬಗ್ಗಿ ನೋಡಿ, ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. "ಮೆಲ್ಲಗೆ ಮಾತಾಡೇ. ಗಿಲ್ಮಾರ್‌ಗೆ ಕೇಳಿಸಿದ್ರೆ ಇಡೀ ದ್ವೀಪಕ್ಕೆ ಡಂಗುರ. ಕಣ್ಣು ಕಾಣದ ಗೈಡ್ ಹಿಂದೆ ಯಾವ ಪ್ರವಾಸಿ ಬರ್ತಾನೆ?"

"ಕಪ್ಪು ಕನ್ನಡಕಕ್ಕೂ ನಂಬರಿದೆಯಾ?"

"ಇದೆ."

"ಟೈರು?"

"ಟೈರು ಅಂತ ಅವನು ಹೇಳ್ತಾನೆ. ನಂಗೆ ಆಮೆ ಹಾಗೇ ಇತ್ತು."

ರುತ್ಮಿಲಾಳಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದದ್ದರಿಂದ ಅದು ಕೆಮ್ಮಿನಂತೆ ಕೇಳಿಸಿತು. "ಮತ್ತೆ ಯಾಕೆ ಕೊಟ್ಟೆ ಅವನಿಗೆ?"

"ಒಂದು ಸಲ ಹಾಕ್ಕೊಂಡು ನೋಡ್ಲಾ ಅಂದ. ಕೊಟ್ಟೆ. ಕೆಳಗೆ ಹೋದೋನು ಮೇಲೆ ಬಂದು ಮಗು ಹಾಗೆ ಅತ್ತುಬಿಟ್ಟ. ಇಷ್ಟು ವರ್ಷ ಮೀನು ಅಂದ್ರೆ ಬಣ್ಣದ ಕಲೆ ಅಂದ್ಕೊಂಡಿದ್ದೆ ಸ್ವಾ, ಅವಕ್ಕೆ ಮುಖ ಇದೆ ಅಂದ. ಹಾಗಂದೋನ ಮುಖದಿಂದ ಕಿತ್ಕೊಳ್ಳೋಕಾಗುತ್ತಾ? ಮುಂದಿನ ಸಲ ತರ್ತೀನಿ ಅಂದ. ಪ್ರತಿ ಸಲಾನೂ ಮುಂದಿನ ಸಲ ಅಂದ."

"ನಂಬರಿನದು ಇನ್ನೊಂದು ಮಾಡಿಸ್ಕೋಬಹುದಿತ್ತಲ್ಲೋ."

"ಮಾಡಿಸಿದ್ರೆ ಇದನ್ನ ತರೋಕೆ ಅವನು ಯಾಕೆ ಬರ್ತಾನೆ?" ಎಂದ ಸೆಡ್ನಿ. ನೀರನ್ನು ಅಂಗೈಯಿಂದ ತಟ್ಟಿದ. "ನೀನೇ ಇಟ್ಕೋ. ನಿಂಗೆ ಕೈಮುಗೀತೀನಿ. ನಂಗೆ ಈ ದಿಬ್ಬ ಬಾಯಿಪಾಠ. ಇದು ವಾಪಸ್ ಬಂತು ಅಂದ್ರೆ ಅವನು ಬರಲ್ಲ ಅಂತ ಆಯ್ತಲ್ಲ."

ಇಟ್ಟುಕೊಳ್ಳಲು ಯಜಮಾನನೇ ಹೇಳಿದ ಮೇಲೆ ಅತ್ತೆಗೂ ಉತ್ತರ ಕೊಡಬಹುದಿತ್ತು. ಮಾಸ್ಕ್ ಮೊಳೆಗೆ ಮರಳುತ್ತದೆ. ಬೆಳಿಗ್ಗೆ ಬರ್ತೀನಿ ಎನ್ನಬಹುದು, ಸಂಜೆ ಬಂದೆ ಎನ್ನಬಹುದು. ಇಲ್ಲಿ ಒಬ್ಬ ಟೈರಿಗೆ ಕೈಮುಗಿದು ಆಮೆ ಎನ್ನುತ್ತಿರಬಹುದು, ಅಲ್ಲಿ ಒಬ್ಬಳು ಗೋಡೆಯ ಜೊತೆ ಸಂಸಾರ ಮಾಡುತ್ತಿರಬಹುದು. ಇಬ್ಬರೂ ಸೇರಿ ಸತ್ತವನನ್ನು ಒಂದು ರಬ್ಬರು ಪಟ್ಟಿಯಿಂದ ಕಟ್ಟಿ ಹಾಕಿದ್ದೇವೆ ಎಂದುಕೊಂಡಿದ್ದರು. ಅವನು ನೋಡಿದ ಮೀನಿನ ಮುಖ ಮಾತ್ರ ಇಬ್ಬರಿಗೂ ಕಾಣುತ್ತಿರಲಿಲ್ಲ. ಅವಳಿಗಂತೂ ಈ ಗಾಜಿನಲ್ಲಿ ಎಂದೂ ಕಾಣದು.

"ತಲೆ ಬಗ್ಗಿಸು," ಎಂದಳು.

"ಬೇಡ ಕಣೇ."

"ಬಗ್ಗಿಸೋ. ಅಷ್ಟು ಎತ್ತರಕ್ಕೆ ನನ್ನ ಕೈ ಎಟುಕಲ್ಲ. ಕೆಳಗೆ ಏನಿದೆ ಅಂತ ನೋಡಿ ಹೇಳು ನಂಗೆ. ಕಲೆ ಗಿಲೆ ಅಂದ್ರೆ ಒದೀತೀನಿ. ಮುಖ ಹೇಗಿದೆ ಅಂತ ಹೇಳ್ಬೇಕು."

ಬಕಲಿನಲ್ಲಿದ್ದ ಕೂದಲನ್ನು ಅವಳು ಉಗುರಿನಿಂದ ಬಿಡಿಸಿದಳು. ಇಟ್ಟುಕೊಳ್ಳಲು ಈಜುಡುಗೆಯಲ್ಲಿ ಜೇಬಿರಲಿಲ್ಲ. ಒಂದು ಕ್ಷಣ ಬೆರಳ ಮೇಲಿದ್ದದ್ದು ಆಮೇಲೆ ಇರಲಿಲ್ಲ. ಬಿಸಿಲಿಗೆ ಗಡುಸಾದ ಪಟ್ಟಿಯನ್ನು ಎರಡೂ ಕೈಯಿಂದ ಎಳೆದು ಸಡಿಲಿಸಿ, ಸೆಡ್ನಿಯ ದೊಡ್ಡ ತಲೆಯ ಮೇಲಿಂದ ಇಳಿಸಿ, ಮಾಸ್ಕನ್ನು ಅವನ ಮುಖಕ್ಕೆ ಕೂರಿಸಿದಳು.

"ಸರಿಯಾಯ್ತಾ?"

"ಬಿಗಿ," ಎಂದ ಅವನು, ಮೂಗು ಮುಚ್ಚಿದ ದನಿಯಲ್ಲಿ. "ಇನ್ನೊಂಚೂರು ಬಿಡು."

ಅವಳು ಇನ್ನೊಂಚೂರು ಬಿಟ್ಟಳು.