ಬಾಟಲಿ ಇಲ್ಲದ ಮಂಚ

"ಎಲ್ಲೈತೆ ಬಾಟ್ಲಿ?" ವಾರ್ಡಿನ ಬಾಗಿಲು ದಾಟುವ ಮೊದಲೇ ತಿಪ್ಪೇರುದ್ರಸ್ವಾಮಿ ಕೇಳಿದ. ಅವನ ಅಣ್ಣ ಕೊಟ್ರಬಸಪ್ಪ ದಿಂಬುಗಳಿಗೆ ಒರಗಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದ. ತಲೆಯ ಪಕ್ಕದಲ್ಲಿ ಗ್ಲೂಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬ ಖಾಲಿ ನಿಂತಿತ್ತು.

ಸುಂಕಲಮ್ಮ ಅಪ್ಪನ ಕಾಲ ಬಳಿಯಿಂದ ಎದ್ದಳು. ಬೆಳಗಿನಿಂದ ನೋಡಲು ಬಂದವರೆಲ್ಲ ಮೊದಲು ಆ ಕಂಬವನ್ನು ನೋಡಿ, ಆಮೇಲೆ ಅವಳನ್ನು ನೋಡಿದ್ದರು.

"ನಾನೂ ಅದೇ ಕೇಳ್ದೆ ಕಣಪ್ಪ," ಎಂದಳು ಪಕ್ಕದ ಮಂಚದ ಭೀಮಕ್ಕ. ಅವಳ ಗಂಡನಿಗೆ ಬಾಟಲಿ ಹನಿಯುತ್ತಿತ್ತು. "ಬಾಟ್ಲಿ ಹಾಕ್ದಿದ್ರೆ ಆಸ್ಪತ್ರೆ ಯಾಕೆ? ಛತ್ರದಾಗೆ ಮಲಗಿಸಿದ್ರಾಗ್ತಿತ್ತು."

ತಿಪ್ಪೇರುದ್ರಸ್ವಾಮಿ ಚೀಲದಿಂದ ಟವೆಲು ಸುತ್ತಿದ ಗಾಜಿನ ಬಾಟಲಿ ತೆಗೆದ. "ಗ್ಲೂಕೋಸು. ಜಗಳೂರಿನಾಗೆ ಸಿಗಲಿಲ್ಲ, ದಾವಣಗೆರೆಯಿಂದ ತಂದೀನಿ. ಹಾಕ್ರಿ ಸಿಸ್ಟ್ರೇ."

"ಬ್ಯಾಡ ರೀ," ಎಂದರು ನರ್ಸ್ ನಿರ್ಮಲಮ್ಮ. "ಇವರ ಹೃದಯ ಸೋತೈತೆ, ಎದೆಯಾಗೆ ನೀರು ನಿಂತೈತೆ. ಬಾಟ್ಲಿ ಏರಿಸಿದ್ರೆ ಉಸಿರು ಕಟ್ತೈತೆ. ಡಾಕ್ಟ್ರೇ ಬೆಳಿಗ್ಗೆ ತೆಗೆಸ್ಯಾರೆ. ಕುಡಿಯೋ ನೀರೂ ಅಳತೆ ಮಾಡಿ ಕೊಡ್ರಿ ಅಂದಾರೆ."

"ಮತ್ತೆ ಆಯಪ್ಪಂಗೆ?" ತಿಪ್ಪೇರುದ್ರಸ್ವಾಮಿ ಭೀಮಕ್ಕನ ಗಂಡನತ್ತ ಕೈ ತೋರಿಸಿದ.

"ಆಯಪ್ಪಂಗೆ ವಾಂತಿಭೇದಿ. ಮೈಯಾಗಿನ ನೀರೆಲ್ಲ ಹೋಗೈತೆ. ಇಬ್ಬರಿಗೂ ಒಂದೇ ಔಷಧ ಆಗಾಕೆ ಇದೇನು ಪ್ರಸಾದ ಏನ್ರೀ?"

ನಿರ್ಮಲಮ್ಮ ಇನ್ನೊಂದು ಮಂಚದತ್ತ ಹೋದರು. ತಿಪ್ಪೇರುದ್ರಸ್ವಾಮಿ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ. "ಒಡಹುಟ್ಟಿದೋನು ಒಂದು ಬಾಟ್ಲಿ ಹಾಕ್ಸಲಿಲ್ಲ ಅಂತ ಊರೋರು ನನ್ನ ಮಕಕ್ಕೆ ಉಗಿತಾರೆ. ಹೊರಗೆ ಜೀಪ್ ನಿಂತೈತೆ. ಹಾಕೋ ಡಾಕ್ಟ್ರತ್ರ ಕರ್ಕೊಂಡು ಹೋಗಾನ. ಸುಂಕ್ಲಿ, ಚಾದರ ಮಡಚು."

ಸುಂಕಲಮ್ಮ ಚಾದರ ಸರಿಸಿದಳು, ಮಡಚಲಿಲ್ಲ. ಎಂದೂ ಎದುರು ನಿಂತು ಮಾತಾಡದವಳು ಚಿಕ್ಕಪ್ಪನ ಮುಂಗೈ ಹಿಡಿದಳು. ಬೆಳಿಗ್ಗೆ ಡಾಕ್ಟರು ಮಾಡಿದ್ದನ್ನು ನೋಡಿಕೊಂಡಿದ್ದಳು. ಚಿಕ್ಕಪ್ಪನ ಹೆಬ್ಬೆರಳನ್ನು ಅಪ್ಪನ ಊದಿದ ಮೊಣಕಾಲ ಕೆಳಗೆ ಇಟ್ಟು, ಗಟ್ಟಿಯಾಗಿ ಒತ್ತಿ, ಬಿಟ್ಟಳು. ಹಸಿಮಣ್ಣಿನಲ್ಲಿ ಮೂಡಿದ ಹಾಗೆ ಹಳ್ಳ ಉಳಿಯಿತು, ತುಂಬಿಕೊಳ್ಳಲಿಲ್ಲ.

"ಇಷ್ಟು ನೀರು ಒಳಗೇ ಐತೆ ಚಿಕ್ಕಪ್ಪ. ಇನ್ನೂ ಎಲ್ಲಿಗೆ ಹೊಯ್ತೀಯ?" ಅವಳು ಮಂಚಕ್ಕೆ ಅಡ್ಡ ನಿಂತಳು. "ನಾನು ಕರ್ಕೊಂಡು ಹೋಗಾಕೆ ಬಿಡಲ್ಲ."

ಭೀಮಕ್ಕ ಗಂಡನಿಗೆ ಬೀಸುತ್ತಿದ್ದ ಬೀಸಣಿಗೆ ನಿಲ್ಲಿಸಿದಳು. ತಿಪ್ಪೇರುದ್ರಸ್ವಾಮಿ ಆ ಹಳ್ಳವನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತ.

ಕೊಟ್ರಬಸಪ್ಪ ಕಣ್ಣು ಬಿಟ್ಟ. "ಸುಂಕ್ಲಿ... ನೀರು."

ತಿಪ್ಪೇರುದ್ರಸ್ವಾಮಿಯ ಕೈ ತಂಬಿಗೆಯತ್ತ ಹೋಗಿ ನಿಂತಿತು; ಅವನು ಸುಂಕಲಮ್ಮನ ಮುಖ ನೋಡಿದ. ಸುಂಕಲಮ್ಮ ಬಟ್ಟೆಯ ತುದಿಯನ್ನು ಅದ್ದಿ, ಹಿಂಡಿ, ಅಪ್ಪನ ತುಟಿಗೆ ಇಟ್ಟಳು. ಅವನು ಚೀಪಿದ, ಚೀಪಿ ಹಲ್ಲಿನಲ್ಲಿ ಕಚ್ಚಿ ಹಿಡಿದ. ಅವಳು ಮೆಲ್ಲಗೆ ಎಳೆದುಕೊಂಡಳು.